ವೆಡೆಲಿಯಾ ಎಲೆ ಹಳದಿ ಆಗ್ತಿದೆಯಾ? ಯೂರಿಯಾ ಹಾಕುವ ಮುಂಚೆ ಇಷ್ಟು ನೋಡಿ

ವೆಡೆಲಿಯಾದಲ್ಲಿ ಹೂ ಹಳದಿ ಇರಬೇಕು, ಎಲೆ ಅಲ್ಲ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಾತ್ರ ಎರಡೂ ಹಳದಿ ಆಗೋದು ಮಾಮೂಲಿ. ಕಾಂಪೌಂಡ್ ಪಕ್ಕ ನೆಟ್ಟಿರುತ್ತಾರೆ, ಮಳೆಗಾಲದಲ್ಲಿ ಜೋರಾಗಿ ಹಬ್ಬುತ್ತದೆ, ಆಮೇಲೆ ಒಂದು ದಿನ ನೋಡಿದರೆ ತುದಿ ಎಲೆಗಳೆಲ್ಲ ಬಿಳಿಚಿಕೊಂಡಿರುತ್ತವೆ. ಯಾರನ್ನೇ ಕೇಳಿ, ಉತ್ತರ ಒಂದೇ. "ಒಂದ್ ಹಿಡಿ ಯೂರಿಯಾ ಒಗೀರಿ ಅಕ್ಕಾರ, ತಾನಾ ಹಸರಾಗತೈತಿ."

ಬಹಳ ಸಲ ಆಗಲ್ಲ. ಯಾಕೆಂದರೆ ನಮ್ಮ ಕಡೆ ಈ ಗಿಡ ಹಳದಿ ಆಗೋದು ಹೊಟ್ಟೆಗಿಲ್ಲದೆ ಅಲ್ಲ. ಮಣ್ಣಿನ ಸುಣ್ಣ, ಬೋರಿನ ನೀರು, ಬುಡದಲ್ಲಿ ನಿಂತ ತೇವ, ಈ ಮೂರರಲ್ಲಿ ಒಂದು ಕಾರಣ ಇರುತ್ತದೆ. ಈ ಮೂರಕ್ಕೂ ಯೂರಿಯಾ ಮದ್ದಲ್ಲ. ಸವಳು, ಅಂದರೆ ಮಣ್ಣಲ್ಲಿ ಉಪ್ಪು, ಇರುವಲ್ಲಿ ಹಾಕಿದರೆ ಇನ್ನೂ ಕೆಡುತ್ತದೆ, ಯಾಕೆಂದರೆ ರಾಸಾಯನಿಕ ಗೊಬ್ಬರ ಜಾಸ್ತಿ ಆದರೆ ಅದೂ ಉಪ್ಪಿನ ಕೆಲಸವನ್ನೇ ಮಾಡುತ್ತದೆ. ಹಾಗಾಗಿ ಮೊದಲು ಗಿಡ ನೋಡಿ, ಆಮೇಲೆ ಗೊಬ್ಬರದ ಚೀಲಕ್ಕೆ ಕೈ ಹಾಕಿ.

ಯಾವ ಗಿಡದ ಮಾತು ಅಂತ ಮೊದಲು ಹೇಳಿಬಿಡುತ್ತೇನೆ. ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ. ಎಲೆ ದಪ್ಪ, ಮೇಲ್ಭಾಗ ಹೊಳಪು, ಸಾಮಾನ್ಯವಾಗಿ ಮೂರು ಮೂಲೆ. ಪ್ರತಿ ಗಿಣ್ಣಿನಲ್ಲೂ ಎದುರುಬದುರಾಗಿ ಎರಡು ಎಲೆ. ಹೂ ಒಂದು ರೂಪಾಯಿ ನಾಣ್ಯದಷ್ಟು ಅಥವಾ ಸ್ವಲ್ಪ ದೊಡ್ಡದು, ಎಸಳಿನ ತುದಿ ಕತ್ತರಿಯಲ್ಲಿ ಕಚ್ಚು ಹಾಕಿದ ಹಾಗೆ ಇರುತ್ತದೆ. ಸೂರ್ಯಕಾಂತಿಯ ಕುಟುಂಬವೇ. ಸಸ್ಯಶಾಸ್ತ್ರದವರು 1996ರಲ್ಲಿ ಇದನ್ನು ಸ್ಫ್ಯಾಗ್ನೆಟಿಕೋಲಾ ಟ್ರೈಲೋಬಾಟಾ ಅಂತ ಬದಲಾಯಿಸಿದರು, ನರ್ಸರಿಯವರು ಇವತ್ತಿಗೂ ವೆಡೆಲಿಯಾ ಅಂತಲೇ ಕೊಡುತ್ತಾರೆ. ನಾವೂ ಹಾಗೇ ಕರೆಯೋಣ.

ಇದರ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಬೆಚ್ಚನೆಯ ಭಾಗ. ಅಲ್ಲಿ ಹಳ್ಳದ ದಂಡೆ, ಜೌಗು, ಸಮುದ್ರದ ತೀರದಲ್ಲಿ ತಾನಾಗಿ ಬೆಳೆಯುವ ಕಾಡುಗಿಡ. ನಮಗೆ ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಸಮುದ್ರದ ಪಕ್ಕದ್ದು ಅಂದಮೇಲೆ ಉಪ್ಪನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆದರೆ ಮಳೆ, ತೇವ ಇರುವ ಜಾಗದ್ದು, ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮೂರಲ್ಲಿ ನೀರು ಕೊಡದೆ ಬಿಟ್ಟರೆ ಬದುಕಲ್ಲ. "ಇದು ಎಲ್ಲಿ ಬೇಕಾದ್ರೂ ಬೆಳೀತದ್ರಿ" ಅಂತ ಮಾರುವವರು ಹೇಳೋದನ್ನು ಅರ್ಧ ಮಾತ್ರ ನಂಬಿ.

ಬೆಳಿಗ್ಗೆ ಆರಕ್ಕೆ ನೋಡಿ

ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದರೆ ಯಾವ ವೆಡೆಲಿಯಾ ಆದರೂ ಎಲೆ ಇಳಿಬಿಟ್ಟಿರುತ್ತದೆ. ಅದು ರೋಗ ಅಲ್ಲ. ಬಿಸಿಗಾಳಿಗೆ ಎಲೆಯಿಂದ ಹೋಗುವ ನೀರಿನಷ್ಟು ಬೇರಿನಿಂದ ಬರಲ್ಲ, ಅಷ್ಟೇ. ಸಂಜೆಗೆ ತಾನಾಗಿ ಎದ್ದು ನಿಲ್ಲುತ್ತದೆ.

ಬೆಳಿಗ್ಗೆ ಆರು ಗಂಟೆಗೂ ಜೋಲು ಬಿದ್ದೇ ಇದ್ದರೆ ಆಗ ಚಿಂತೆ ಮಾಡಿ. ಆಗಲೂ ಪೈಪ್ ಹಿಡಿಯುವ ಮೊದಲು ಬುಡದಲ್ಲಿ ಬೆರಳು ಇಳಿಸಿ. ಎರಡು ಇಂಚು ಒಳಗೆ ಒಣಗಿದ್ದರೆ ನೀರಿನ ಕೊರತೆ, ಕೊಡಿ. ಒದ್ದೆ ಇದ್ದೂ ಗಿಡ ಸೊರಗಿದ್ದರೆ ಬೇರು ಕೆಟ್ಟಿದೆ. ಇದಕ್ಕೂ ನೀರು, ಅದಕ್ಕೂ ನೀರು ಅಂತ ಹಾಕುತ್ತಾ ಹೋಗುವುದರಿಂದಲೇ ಎಷ್ಟೋ ಗಿಡ ಸಾಯೋದು.

ಯಾವ ಎಲೆ ಹಳದಿ, ತುದಿಯದಾ ಬುಡದ್ದಾ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಯೂರಿಯಾ ಕೊಡುವ ಸಾರಜನಕ ಗಿಡದೊಳಗೆ ಓಡಾಡುವ ಪೋಷಕ. ಕೊರತೆ ಬಿದ್ದಾಗ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಬುಡದ ಎಲೆ ಪೂರ್ತಿ, ನರ ಸಮೇತ, ಒಂದೇ ಸಮ ಹಳದಿ ಆಗುತ್ತದೆ, ತುದಿ ಮಾತ್ರ ಹಸಿರಾಗೇ ಇರುತ್ತದೆ. ಕಬ್ಬಿಣ ಹಾಗಲ್ಲ. ಒಮ್ಮೆ ಹಳೆ ಎಲೆಗೆ ಹೋದದ್ದು ವಾಪಸ್ ಬರಲ್ಲ. ಕೊರತೆ ಆದಾಗ ಪೆಟ್ಟು ಬೀಳೋದು ಹೊಸ ಚಿಗುರಿಗೆ. ತುದಿಯ ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ನರಗಳು ಹಸಿರು ಬಲೆ ಎಳೆದಂತೆ ಎದ್ದು ಕಾಣುತ್ತವೆ, ನಡುವಿನ ಜಾಗ ಮಾತ್ರ ಹಳದಿ. ಜೋರಾದರೆ ಎಲೆ ಪೂರ್ತಿ ಕೆನೆ ಬಣ್ಣಕ್ಕೆ ಹೋಗಿ, ಅಂಚಿನಲ್ಲಿ ಕಂದು ಕಲೆ ಬೀಳುತ್ತದೆ.

ಬುಡದ ಎಲೆ ಹಳದಿ ಆಗಿದ್ದರೆ ಸುಲಭ. ಕುಂಡದಲ್ಲಿ ವರ್ಷಗಟ್ಟಲೆ ಅದೇ ಮಣ್ಣಲ್ಲಿರುವ ಗಿಡಕ್ಕೆ ಇದು ಸಹಜ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಎರಡು ಹಿಡಿ ಬುಡಕ್ಕೆ ಸೇರಿಸಿ ನೀರು ಕೊಡಿ. ಮಣ್ಣು ಗಟ್ಟಿಯಾಗಿ ಬೇರು ತುಂಬಿಕೊಂಡಿದ್ದರೆ ಕುಂಡ ಬದಲಾಯಿಸಿ. ಇಲ್ಲಿ ಬೇಕಾದರೆ ಯೂರಿಯಾವೂ ಕೆಲಸ ಮಾಡುತ್ತದೆ, ಚಿಟಿಕೆಯಷ್ಟು. ನೆರಳಲ್ಲಿರುವ ಅಡಿಯ ಎಲೆ ಒಂದೆರಡು ಹಳದಿಯಾಗಿ ಉದುರೋದು ಮಾತ್ರ ವಯಸ್ಸಿನ ಕಾರಣ, ಬಿಟ್ಟುಬಿಡಿ.

ಕಬ್ಬಿಣದ ಊರಲ್ಲಿ ಕಬ್ಬಿಣದ ಕೊರತೆ

ತುದಿ ಎಲೆ ಹಳದಿ, ನರ ಹಸಿರು. ನಮ್ಮ ಕಡೆ ಕಾಣುವ ಮುಖ್ಯ ತೊಂದರೆ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸಂಡೂರಿನ ಗುಡ್ಡದಿಂದ ಲಾರಿಗಟ್ಟಲೆ ಅದಿರು ಹೋಗುವ ಜಿಲ್ಲೆಯಲ್ಲಿ ಗಿಡಕ್ಕೆ ಕಬ್ಬಿಣ ಸಾಲದು ಅಂದರೆ ನಗು ಬರುತ್ತದೆ, ಆದರೆ ನಿಜ. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7.5 ದಾಟಿದರೆ ಅದು ಬೇರು ಹೀರುವ ರೂಪದಲ್ಲಿ ಇರಲ್ಲ. ಬ್ಯಾಂಕಲ್ಲಿ ದುಡ್ಡಿದೆ, ಎಟಿಎಂ ಕೆಟ್ಟಿದೆ ಅಂದ ಹಾಗೆ. ನಮ್ಮ ಎರೆ (ಕಪ್ಪು) ಭೂಮಿಯಲ್ಲಿ ಪಿಎಚ್ 8ರ ಮೇಲಿರೋದು ವಿಶೇಷವೇನಲ್ಲ. ಅಗೆದಾಗ ಬೆಳ್ಳನೆ ಸುಣ್ಣದ ಹರಳು ಸಿಗುತ್ತವಲ್ಲ, ಅವೇ ಗುರುತು. ಮಸಾರಿ (ಕೆಂಪು) ಮಣ್ಣಲ್ಲಿ ಈ ಕಾಟ ಕಡಿಮೆ, ಆದರೆ ಅಲ್ಲೂ ವರ್ಷಗಟ್ಟಲೆ ಗಡಸು ಬೋರ್ ನೀರು ಬಿಟ್ಟರೆ ನಿಧಾನಕ್ಕೆ ಪಿಎಚ್ ಏರುತ್ತದೆ.

ಶೇಂಗಾ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ಶೇಂಗಾ ಬಿಳಿಚಿಕೊಳ್ಳುವುದೂ ಇದೇ ತೊಂದರೆಯಿಂದ.

ಮನೆಯಂಗಳದಲ್ಲಿ ಇನ್ನೊಂದು ಸುಳಿವಿದೆ. ಗೋಡೆ ಪಕ್ಕದ ಸಾಲು ನೋಡಿ. ಗೋಡೆಗೆ ಅಂಟಿಕೊಂಡ ಒಂದು ಅಡಿ ಪಟ್ಟಿಯಲ್ಲಿ ಗಿಡ ಹಳದಿ, ಅದೇ ಬಳ್ಳಿ ಮೂರು ಅಡಿ ಆಚೆ ಹಬ್ಬಿ ಬೇರು ಬಿಟ್ಟ ಕಡೆ ಕಡು ಹಸಿರು ಇದ್ದರೆ ಅಲ್ಲಿ ಅಗೆಯಿರಿ. ಮನೆ ಕಟ್ಟಿದಾಗ ಬಿದ್ದ ಸಿಮೆಂಟ್ ಗಾರೆ, ಪ್ಲಾಸ್ಟರ್ ಚೂರು, ಸುಣ್ಣ ಬಳಿದಾಗ ಸುರಿದ ನೀರಿನ ಪದರ ಎಲ್ಲಾ ಅಲ್ಲೇ ಇರುತ್ತದೆ. ಹೊಸ ಮನೆ ಆದರಂತೂ ಇದನ್ನೇ ಮೊದಲು ಅನುಮಾನಿಸಿ. ಕಸ ತೆಗೆದು, ಒಂದು ಅಡಿ ಆಳ ಹೊಸ ಮಣ್ಣು ತುಂಬೋದು ಬಿಟ್ಟು ಬೇರೆ ದಾರಿ ಇಲ್ಲ, ಏನೇ ಸಿಂಪಡಿಸಿದರೂ ಅದು ತಾತ್ಕಾಲಿಕ.

ಸುಣ್ಣ ಇದೆಯಾ ಅಂತ ನೋಡಲು ಒಣಗಿದ ಮಣ್ಣು ಒಂದು ಚಮಚ ತೆಗೆದುಕೊಂಡು ಅದರ ಮೇಲೆ ವಿನೆಗರ್ ಹನಿಸಿ. ಚುರ್ ಅಂತ ನೊರೆ ಬಂದರೆ ಸುಣ್ಣ ಇದೆ. ಬರದಿದ್ದರೆ ಸುಣ್ಣ ಇಲ್ಲವೇ ಇಲ್ಲ ಅಂತೇನಲ್ಲ, ನೊರೆ ಬರುವಷ್ಟಿಲ್ಲ ಅಂತ ಅರ್ಥ. ಖಚಿತ ಲೆಕ್ಕ ಬೇಕಾದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಡಿ. ಬಳ್ಳಾರಿಯವರಿಗೆ ಹಗರಿಯಲ್ಲಿದೆ, ಕೊಪ್ಪಳದವರಿಗೆ ಗಂಗಾವತಿಯಲ್ಲಿ, ರಾಯಚೂರಿನವರಿಗೆ ಅಲ್ಲೇ ಕೃಷಿ ವಿಶ್ವವಿದ್ಯಾಲಯವೇ ಇದೆ. ಪಿಎಚ್ ಮತ್ತು ಇಸಿ (ವಿದ್ಯುತ್ ವಾಹಕತೆ) ಎರಡನ್ನೂ ಕೇಳಿ. ಒಂದು ಸುಣ್ಣ, ಕರಲಿನ (ಸೋಡಿಯಂ ಜಾಸ್ತಿಯಾಗಿ ಕ್ಷಾರವಾದ ಮಣ್ಣಿನ) ಕಥೆ ಹೇಳಿದರೆ ಇನ್ನೊಂದು ಉಪ್ಪಿನ ಕಥೆ ಹೇಳುತ್ತದೆ.

ಮದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ತಿಳಿ ಹಸಿರು ಹರಳಿರಬೇಕು. ಕಂದು ಪುಡಿ ಆಗಿದ್ದರೆ ಗಾಳಿಗೆ ಕೆಟ್ಟಿದೆ, ತರಬೇಡಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಲಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಮೊದಲು ಲಿಂಬೆ ಉಪ್ಪು ಕರಗಿಸಿ, ಆಮೇಲೆ ಅನ್ನಭೇದಿ ಹಾಕಿ. ಬೋರ್ ನೀರಲ್ಲಿ ಬರೀ ಅನ್ನಭೇದಿ ಕಲಸಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ತುಕ್ಕು ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಸರು ಕೂರುತ್ತದೆ. ಹಾಗಾದ ಮೇಲೆ ಹೊಡೆದು ಪ್ರಯೋಜನವಿಲ್ಲ. ಎಸಿಯಿಂದ ಬೀಳುವ ನೀರು, ಮಳೆ ನೀರು, ಕುಡಿಯುವ ಫಿಲ್ಟರ್ ನೀರು, ಯಾವುದಾದರೂ ನಡೆಯುತ್ತದೆ. ಸಂಜೆ ಬಿಸಿಲಿಳಿದ ಮೇಲೆ ಎಲೆಯ ಎರಡೂ ಕಡೆ ತೊಯ್ಯುವಂತೆ ಸಿಂಪಡಿಸಿ, ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಶಹಾಬಾದ್ ಫರಸಿ ಅಥವಾ ಬಿಳಿ ಟೈಲ್ಸ್ ಮೇಲೆ ಬಿದ್ದರೆ ಕೂಡಲೇ ತೊಳೆಯಿರಿ, ತುಕ್ಕಿನ ಕಲೆ ಆಮೇಲೆ ಹೋಗಲ್ಲ.

ಅನ್ನಭೇದಿಯನ್ನು ಮಣ್ಣಿಗೆ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಸುಣ್ಣದ ಮಣ್ಣು ಅದನ್ನು ಕೂಡಲೇ ಕಟ್ಟಿಹಾಕಿಬಿಡುತ್ತದೆ, ದುಡ್ಡು ದಂಡ. ಮಣ್ಣಿಗೇ ಹಾಕಬೇಕೆಂದರೆ ಚೀಲೇಟೆಡ್ ಕಬ್ಬಿಣ, ಅಂದರೆ ಮಣ್ಣು ಕಟ್ಟಿಹಾಕದಂತೆ ಬೇರೆ ರಾಸಾಯನಿಕದ ಜೊತೆ ಸೇರಿಸಿಟ್ಟ ಕಬ್ಬಿಣ, ತನ್ನಿ. ಪ್ಯಾಕೆಟ್ ಮೇಲೆ ಇಡಿಡಿಎಚ್ಎ ಅಂತ ಇರಬೇಕು, ನೀರಿಗೆ ಹಾಕಿದರೆ ಕಡು ಕೆಂಪಾಗುತ್ತದೆ. ಅಗ್ಗಕ್ಕೆ ಸಿಗುವ ಇಡಿಟಿಎ ನಮ್ಮ ಎರೆ ಮಣ್ಣಿನ ಪಿಎಚ್‌ಗೆ ನಿಲ್ಲಲ್ಲ, ಎಲೆಗೆ ಸಿಂಪಡಿಸಲು ಮಾತ್ರ ಆದೀತು.

ಎರಡು ಮಾತು ನೆನಪಿರಲಿ. ಸಿಂಪಡಿಸಿದ ಮೇಲೆ ಹೊಸದಾಗಿ ಬರುವ ಚಿಗುರನ್ನು ನೋಡಿ ಗುಣ ಆಗಿದೆಯಾ ಅಂತ ಹೇಳಬೇಕು, ಪೂರ್ತಿ ಬೆಳ್ಳಗಾದ ಹಳೆ ಎಲೆ ಮತ್ತೆ ಕಡು ಹಸಿರಾಗುತ್ತದೆ ಅಂತ ಕಾಯಬೇಡಿ. ಎರಡನೆಯದು, ಸುಣ್ಣದ ಮಣ್ಣಲ್ಲಿ ನೀರು ಜಾಸ್ತಿಯಾದಷ್ಟೂ ಈ ಹಳದಿ ಜೋರಾಗುತ್ತದೆ. ಎಷ್ಟೋ ಕಡೆ ನೀರು ಕಡಿಮೆ ಮಾಡಿದರೇ ತುದಿ ಹಸಿರಿಗೆ ತಿರುಗಲು ಶುರುವಾಗುತ್ತದೆ.

ಇನ್ನು ರೈಸ್ ಮಿಲ್ ಬೂದಿ. ಗಂಗಾವತಿ, ಸಿಂಧನೂರು ಕಡೆ ಪುಕ್ಕಟೆ ಸಿಗುತ್ತದೆ ಅಂತ ಕುಂಡಕ್ಕೆ, ಪಾತಿಗೆ ಬುಟ್ಟಿಗಟ್ಟಲೆ ಸುರಿಯುತ್ತಾರೆ. ಬೂದಿ ಕ್ಷಾರ. ಮೊದಲೇ ಪಿಎಚ್ ಏರಿರುವ ಮಣ್ಣಿಗೆ ಅದನ್ನು ಹಾಕಿದರೆ ಇದೇ ಹಳದಿ ರೋಗವನ್ನು ಕೈಯಾರೆ ತಂದುಕೊಂಡ ಹಾಗೆ. ಹೊಟ್ಟು ಬೇಕಾದರೆ ತನ್ನಿ, ಬೂದಿ ಅಲ್ಲ.

ಅಂಚು ಸುಟ್ಟಂತಾಗಿದೆ

ಎಲೆ ಹಸಿರೇ ಇದೆ, ಅಂಚು ಮಾತ್ರ ಕಂದಾಗಿ ಗರಿಗರಿ. ಮುಟ್ಟಿದರೆ ಪುಡಿಯಾಗುತ್ತದೆ. ಕುಂಡದ ಹೊರಮೈಯಲ್ಲಿ, ಮಣ್ಣಿನ ಮೇಲೆ ಬಿಳಿ ಪದರ. ಇದು ಉಪ್ಪು.

ಈ ಗಿಡ ಉಪ್ಪು ತಡೆಯುತ್ತದೆ ಅಂದೆನಲ್ಲ, ಹಾಗಾಗಿ ಇದರ ಅಂಚೇ ಸುಟ್ಟಿದೆ ಅಂದರೆ ಪಕ್ಕದ ಗುಲಾಬಿ ಯಾವಾಗಲೋ ಹೋಗಿರಬೇಕು. ತುಂಗಭದ್ರಾ ಕಾಲುವೆ ಬಂದಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪದ ತಗ್ಗು ಜಮೀನುಗಳು ಸವಳು ಹಿಡಿದದ್ದು ಎಲ್ಲರಿಗೂ ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು ಮಣ್ಣಿನ ಮೇಲೆಯೇ ಕೆಲಸ ನಡೆಯುತ್ತದೆ. ಆದರೆ ಊರೊಳಗಿನ ಮನೆಯ ಕುಂಡದಲ್ಲಿ ಉಪ್ಪು ಬರೋದು ಹೆಚ್ಚಾಗಿ ಬೇರೆ ದಾರಿಯಿಂದ: ಆರ್‌ಓ ಫಿಲ್ಟರಿನಿಂದ ಹೊರಗೆ ಬಿಡುವ ನೀರಿನ ಪೈಪು. "ಸುಮ್ನೆ ಮೋರಿಗೆ ಯಾಕೆ ಬಿಡೋದು, ಗಿಡಕ್ಕಾದರೂ ಆಗಲಿ" ಅಂತ ಆ ನೀರನ್ನು ಗಿಡಕ್ಕೆ ತಿರುಗಿಸಿರುತ್ತಾರೆ. ಫಿಲ್ಟರ್ ನಮ್ಮ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಇರೋದು ಅದರಲ್ಲೇ ಅಲ್ವಾ? ಬೋರ್ ನೀರಿಗಿಂತ ಅದರಲ್ಲಿ ಉಪ್ಪು ಜಾಸ್ತಿ. ಅದನ್ನು ನೆಲ ಒರೆಸಲು, ಅಂಗಳ ತೊಳೆಯಲು ಬಳಸಿ.

ಫಿಲ್ಟರ್ ರಿಪೇರಿಗೆ ಬರುವವರ ಹತ್ತಿರ ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇರುತ್ತದೆ, ಗಿಡಕ್ಕೆ ಹಾಕುವ ನೀರನ್ನೂ ಒಮ್ಮೆ ಅಳೆಸಿ. 450ರ ಒಳಗಿದ್ದರೆ ಚಿಂತೆ ಇಲ್ಲ. 2000 ದಾಟಿದರೆ ಆ ನೀರಲ್ಲಿ ತೋಟ ಮಾಡುವ ಆಸೆ ಬಿಡಬೇಕು. ನಡುವೆ ಇದ್ದರೆ ಜಾಣತನದಿಂದ ನಡೆಸಬಹುದು: ದಿನಾ ಚೂರು ಚೂರು ಚಿಮುಕಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ, ಕೆಳಗಿನ ತೂತಿನಿಂದ ನೀರು ಹರಿದು ಹೋಗುವಷ್ಟು ಕೊಡಿ. ಚೂರು ನೀರು ಆವಿಯಾಗಿ ಉಪ್ಪನ್ನು ಅಲ್ಲೇ ಬಿಡುತ್ತದೆ, ಜಾಸ್ತಿ ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ.

ಈಗಾಗಲೇ ಉಪ್ಪು ಕೂತಿದ್ದರೆ ಮೇಲಿನ ಬಿಳಿ ಪದರ ಕೆರೆದು ಬಿಸಾಡಿ. ಆಮೇಲೆ ಕುಂಡದ ಎರಡರಷ್ಟು ಒಳ್ಳೆ ನೀರನ್ನು ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹಾಯಿಸಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಇಲ್ಲದಿದ್ದರೆ ಮತ್ತೆ ಮೇಲೇರುತ್ತದೆ. ನಲ್ಲಿಯಲ್ಲಿ ಹೊಳೆ ನೀರು ಬರುವ ಊರಿನವರಿಗೆ ಈ ಕೆಲಸ ಸುಲಭ. ಬೋರ್ ಒಂದನ್ನೇ ನಂಬಿದವರು ಮಳೆಗಾಲದವರೆಗೆ ಕಾದು, ಕುಂಡಗಳನ್ನು ಮಳೆಗೆ ಹೊರಗಿಡಲಿ. ಜಿಪ್ಸಂ ಹಾಕಿ ಅಂತ ಯಾರಾದರೂ ಹೇಳಿದರೆ ಮೊದಲು ಮಣ್ಣು ಪರೀಕ್ಷೆ ಎಲ್ಲಿ ಅಂತ ಕೇಳಿ. ಅದು ಕರಲು ಮಣ್ಣಿಗೆ ಕೊಡುವ ಮದ್ದು, ಬರೀ ಸವಳಿಗೆ ಅಲ್ಲ.

ಮಣ್ಣು ಒದ್ದೆ, ಗಿಡ ಸೊರಗಿದೆ

ಎರೆ ಮಣ್ಣಿನ ಸ್ವಭಾವ ನಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟು ಬೇರು ಹರಿಯುತ್ತದೆ, ಮಳೆ ಬಂದರೆ ಉಬ್ಬಿ ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ. ಎರಡರಲ್ಲೂ ಗಿಡಕ್ಕೆ ಕಷ್ಟ. ಒಂದು ಅಡಿ ಗುಂಡಿ ತೆಗೆದು ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ನೇರವಾಗಿ ನೆಡಬೇಡಿ. ಅರ್ಧ ಅಡಿ ಎತ್ತರದ ಮಡಿ ಮಾಡಿ, ಮಸಾರಿ ಮಣ್ಣು, ಗರಸು, ಗೊಬ್ಬರ ಬೆರೆಸಿ ತುಂಬಿ, ಅದರ ಮೇಲೆ ನೆಡಿ. ಮೇಲೆ ಶೇಂಗಾ ಹೊಟ್ಟೋ ಭತ್ತದ ಹೊಟ್ಟೋ ಎರಡು ಇಂಚು ಹರಡಿದರೆ ಬೇಸಿಗೆಯ ಬಿರುಕೂ ಕಡಿಮೆಯಾಗುತ್ತದೆ.

ಬೇರು ಕೊಳೆತಿದೆಯಾ ನೋಡಲು ಒಂದು ಕಡ್ಡಿ ಎಳೆಯಿರಿ. ಸಲೀಸಾಗಿ ಕಿತ್ತು ಬಂದು, ಬೇರು ಕಂದಾಗಿ ಮೆತ್ತಗಿದ್ದು, ಮೇಲಿನ ಸಿಪ್ಪೆ ಜಾರಿದರೆ ಆ ಭಾಗ ಮುಗಿಯಿತು. ಬುಡದಲ್ಲಿ ಬಿಳಿ ನೂಲಿನಂಥ ಬೂಸ್ಟು, ಸಾಸಿವೆ ಕಾಳಿನಷ್ಟು ಕಂದು ಗುಂಡುಗಳು ಕಂಡರೆ ಅದು ಶೇಂಗಾದ ಬುಡ ಕೊಳೆಸುವ ಅದೇ ಶಿಲೀಂಧ್ರ, ಸ್ಕ್ಲೆರೋಷಿಯಂ. ಸುತ್ತಲಿನ ಮಣ್ಣಿನ ಸಮೇತ ತೆಗೆದು ಸುಡಿ. ಆ ಗುಂಡುಗಳು ಮಣ್ಣಲ್ಲಿ ಬಹಳ ಕಾಲ ಬದುಕುತ್ತವೆ. ಉಳಿದ ಜಾಗಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಡಿ. ವೆಡೆಲಿಯಾಕ್ಕೆ ಒಂದು ಅನುಕೂಲ ಇದೆ: ಪ್ರತಿ ಗಿಣ್ಣಲ್ಲೂ ಬೇರು ಬಿಡುತ್ತದೆ. ಬುಡ ಸತ್ತರೂ ತುದಿಯಲ್ಲಿ ಗಟ್ಟಿ ಹಸಿರು ಕಡ್ಡಿ ಇದ್ದರೆ ಕತ್ತರಿಸಿ ಬೇರೆ ಕಡೆ ನೆಟ್ಟರಾಯಿತು.

ಎಲೆ ಚೆನ್ನಾಗಿದೆ, ಹೂ ಇಲ್ಲ

ನೆರಳು. ಬೇವಿನ ಮರದಡಿ, ಮನೆಯ ಉತ್ತರದ ಗೋಡೆ ಬದಿ ಎಲೆ ಹಬ್ಬುತ್ತದೆ, ಹೂ ಬಿಡಲ್ಲ. ಐದಾರು ಗಂಟೆ ನೇರ ಬಿಸಿಲು ಬೇಕು. ಬಿಸಿಲೂ ಇದೆ ಅಂದರೆ ಯೂರಿಯಾ ಜಾಸ್ತಿ ಆಗಿದೆ, ಅಥವಾ ತೋಟದವನು ವಾರಕ್ಕೊಮ್ಮೆ ಕತ್ತರಿ ಆಡಿಸುತ್ತಿದ್ದಾನೆ. ಹೂ ಬರೋದು ಹೊಸ ಕುಡಿಯ ತುದಿ ಕಡೆ, ಅದನ್ನೇ ಕತ್ತರಿಸುತ್ತಾ ಹೋದರೆ ಎಲ್ಲಿಂದ ಬರಬೇಕು? ಹಾಗಂತ ವರ್ಷಗಟ್ಟಲೆ ಮುಟ್ಟದೆ ಬಿಟ್ಟರೂ ಅಡಿಯಲ್ಲಿ ಬರೀ ಕಟ್ಟಿಗೆಯ ಹಾಸು ಆಗುತ್ತದೆ. ಜೂನಿನಲ್ಲಿ ಒಮ್ಮೆ ನೆಲದಿಂದ ಮೂರ್ನಾಲ್ಕು ಇಂಚು ಬಿಟ್ಟು ಪೂರ್ತಿ ಕತ್ತರಿಸಿ ಗೊಬ್ಬರ ಕೊಡಿ, ಸಾಕು.

ಚುಕ್ಕೆ, ಹಿಟ್ಟು, ಗೆರೆ

ಮಾರ್ಚ್‌ನಿಂದ ಮಳೆ ಬೀಳುವವರೆಗೆ ನುಸಿ ಕಾಟ. ಎಲೆ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆಗಳು, ಮಂಕು ಬಣ್ಣ, ಅಡಿಯಲ್ಲಿ ತೆಳು ಬಲೆ. ಬಿಳಿ ಕಾಗದ ಹಿಡಿದು ಎಲೆ ತಟ್ಟಿದರೆ ಚುಕ್ಕೆಗಳು ಬಿದ್ದು ಹರಿದಾಡುತ್ತವೆ. ಅದಿರು ಲಾರಿ ಓಡಾಡುವ ರಸ್ತೆ ಬದಿ ಮನೆಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಧೂಳು ಕೂತ ಎಲೆ ನುಸಿಗೆ ಹಿತ. ಬೆಳಿಗ್ಗೆ ಪೈಪಿನಿಂದ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದು ತೊಳೆಯೋದೇ ಅರ್ಧ ಮದ್ದು. ಉಳಿದದ್ದಕ್ಕೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು, ಸಂಜೆ ಹೊತ್ತು. ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ.

ಗಿಣ್ಣಿನಲ್ಲಿ ಬಿಳಿ ಹಿಟ್ಟು ಮೆತ್ತಿದಂತಿದ್ದು ಇರುವೆ ಸಾಲು ಕಂಡರೆ ಹಿಟ್ಟು ತಿಗಣೆ. ಆ ಕಡ್ಡಿ ಕತ್ತರಿಸಿ ಸುಟ್ಟು, ಇರುವೆ ದಾರಿ ಮುಚ್ಚಿ, ಸುತ್ತಲಿನ ಪಾರ್ಥೇನಿಯಂ ಕಿತ್ತು ಹಾಕಿ. ಹತ್ತಿ ಹೊಲಕ್ಕೆ ಬರುವ ಹಿಟ್ಟು ತಿಗಣೆ ಬೆಳೆ ಇಲ್ಲದಾಗ ಪಾರ್ಥೇನಿಯಂನಲ್ಲಿ ತಂಗಿರುತ್ತದೆ. ಎಲೆ ಮೇಲೆ ಬೆಳ್ಳಗೆ ಸೊಟ್ಟಸೊಟ್ಟ ಗೆರೆ ಎಳೆದಿದ್ದರೆ ರಂಗೋಲಿ ಹುಳು, ಆ ಎಲೆ ಕಿತ್ತರೆ ಸಾಕು, ಔಷಧಿಯ ಗೊಡವೆ ಬೇಡ.

ಚಿಗುರು ತಿರುಚಿಕೊಂಡಿದೆ

ಹುಳ ಇಲ್ಲ, ಹಳದಿ ಇಲ್ಲ, ಆದರೆ ಕುಡಿಗಳು ಹಗ್ಗ ಹೊಸೆದಂತೆ ತಿರುಚಿ ಕೆಳಗೆ ಬಾಗಿವೆ, ಎಲೆ ದೊನ್ನೆಯಾಗಿದೆ. ಅಕ್ಕಪಕ್ಕ ಭತ್ತದ ಗದ್ದೆಯೋ ಜೋಳದ ಹೊಲವೋ ಇದೆಯಾ? 2,4-ಡಿ ಹೊಡೆದಿರಬಹುದು. ಅದು ಅಗಲ ಎಲೆಯ ಕಳೆ ಕೊಲ್ಲುವ ಔಷಧಿ, ವೆಡೆಲಿಯಾವೂ ಅಗಲ ಎಲೆಯದೇ. ಗಾಳಿಗೆ ತೇಲಿ ಬಂದ ಹನಿ ಸಾಕು. ಗದ್ದೆ ಹತ್ತಿರ ಇಲ್ಲದಿದ್ದರೆ ಬೇವಿನೆಣ್ಣೆ ಹೊಡೆದ ಪಂಪ್ ಯಾರದ್ದು ಅಂತ ನೆನಪು ಮಾಡಿಕೊಳ್ಳಿ. ಕಳೆನಾಶಕ ಹೊಡೆದ ಪಂಪನ್ನು ಬರೀ ನೀರಲ್ಲಿ ಒಮ್ಮೆ ಅಲುಗಾಡಿಸಿ ಕೊಟ್ಟಿರುತ್ತಾರೆ. ಇದಕ್ಕೆ ಮದ್ದಿಲ್ಲ. ತಿರುಚಿದ್ದನ್ನು ಕತ್ತರಿಸಿ, ನೀರು ಕೊಟ್ಟು ಕಾಯಿರಿ, ಪೆಟ್ಟು ಕಡಿಮೆ ಇದ್ದರೆ ಹೊಸ ಕುಡಿ ನೆಟ್ಟಗೆ ಬರುತ್ತದೆ. ಕಳೆನಾಶಕಕ್ಕೆ ಬೇರೆಯೇ ಪಂಪ್ ಇಡಿ.

ಕಡ್ಡಿ ಬೇರು ಬಿಡ್ತಿಲ್ಲ

ಬೀಜದಿಂದ ಬೆಳೆಸುವ ಯೋಚನೆ ಬೇಡ, ಕಡ್ಡಿಯಿಂದಲೇ ಇದರ ಸಂತಾನ. ಏಪ್ರಿಲ್‌ನಲ್ಲಿ ನೆಟ್ಟು ಒಣಗಿತು ಅಂದರೆ ತಪ್ಪು ಕಡ್ಡಿಯದಲ್ಲ. ಜೂನ್ ಜುಲೈನಲ್ಲಿ ಅಥವಾ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಾಡಿ. ಐದಾರು ಇಂಚಿನ ಕಡ್ಡಿ, ಹೂ ಮೊಗ್ಗು ಚಿವುಟಿ, ಕೆಳಗಿನ ಎಲೆ ತೆಗೆದು ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಿ. ಗಿಣ್ಣು ಒಳಗೆ ಹೋಗದಿದ್ದರೆ ಬೇರು ಬರಲ್ಲ. ಒಂದು ವಾರ ನೆರಳು, ತೇವ. ನೆಲಕ್ಕಾದರೆ ಒಂದರಿಂದ ಒಂದಕ್ಕೆ ಒಂದು ಅಡಿ ಬಿಡಿ, ಸುಮ್ನೆ ಒತ್ತೊತ್ತಾಗಿ ತುಂಬಬೇಡಿ, ಎರಡು ತಿಂಗಳಿಗೆ ತಾನೇ ಮುಚ್ಚಿಕೊಳ್ಳುತ್ತದೆ.

ನಿಲ್ಲಿಸಿದರೂ ನಿಲ್ಲಲ್ಲ

ಇದೂ ಒಂದು ದೋಷವೇ, ಸಣ್ಣದಲ್ಲ. ಜಗತ್ತಿನ ಅತಿ ಉಪದ್ರವಿ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನೂ ಸೇರಿಸಿದೆ. ನಮ್ಮ ಒಣ ಮಸಾರಿಯಲ್ಲಿ ನೀರಿಲ್ಲದೆ ತಾನೇ ಹಿಂದೆ ಸರಿಯುತ್ತದೆ, ಆದರೆ ಕಾಲುವೆ ಬದಿ, ಕೆರೆ ಅಂಚು, ಗದ್ದೆಯ ಬದುವಿನಲ್ಲಿ ಇದನ್ನು ತಡೆಯೋರು ಯಾರೂ ಇಲ್ಲ. ನನ್ನ ಮಾತು ಕೇಳುವುದಾದರೆ ಹಳ್ಳ, ಕಾಲುವೆ ಪಕ್ಕದ ಮನೆಯವರು ಇದನ್ನು ನೆಲಕ್ಕೆ ಹಾಕಲೇಬೇಡಿ, ಕುಂಡದಲ್ಲೋ ತೂಗುಬುಟ್ಟಿಯಲ್ಲೋ ಇಟ್ಟುಕೊಳ್ಳಿ. ಬೇರೆಯವರು ಪಾತಿಯ ಸುತ್ತ ಫರಸಿ ಹೂತು, ಅದನ್ನು ದಾಟಿದ ಬಳ್ಳಿಯನ್ನು ತಿಂಗಳಿಗೊಮ್ಮೆ ಕತ್ತರಿಸಿ.

ಕತ್ತರಿಸಿದ್ದನ್ನು ಕಾಲುವೆಗೆ ಎಸೆಯಬೇಡಿ, ತಿಪ್ಪೆಗೂ ಹಸಿಯಾಗಿ ಹಾಕಬೇಡಿ. ಒಂದು ಗಿಣ್ಣು ಉಳಿದರೂ ಬೇರು ಬಿಡುತ್ತದೆ. ಮಾಳಿಗೆಯ ಮೇಲೆ ತೆಳ್ಳಗೆ ಹರಡಿ, ಕಡ್ಡಿ ಪಟ್ ಅಂತ ಮುರಿಯುವಷ್ಟು ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ. ನಮ್ಮ ಬೇಸಿಗೆಯ ಬಿಸಿಲಿಗೆ ಅದಕ್ಕೆ ಬಹಳ ದಿನ ಬೇಕಾಗಲ್ಲ. ಮಳೆಗಾಲದಲ್ಲಿ ಕತ್ತರಿಸಿದರೆ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಲ್ಲಿಡಿ, ಒಳಗೇ ಕೊಳೆತು ಮೆತ್ತಗಾದ ಮೇಲೆ ತೆಗೆಯಿರಿ.